ಗಾಣ ನಿಂತಂಗೆ

ಆಲೆಮನೆಯ ತಡಿಕೆ ಬಾಗಿಲನ್ನು ಒದ್ದುಕೊಂಡೇ ಸಿದ್ದರಾಜು ಒಳಗೆ ನುಗ್ಗಿದ.

“ಗಾಣ ನಿಲ್ಸಣ್ಣೋ!”

ಯಜಮಾನ ಪುಟ್ಟಸ್ವಾಮಿ ಕೊಪ್ಪರಿಗೆಯಿಂದ ಕಣ್ಣು ತೆಗೆಯಲಿಲ್ಲ. “ಕಬ್ಬು ರಾಶಿ ಬಿದ್ದದೆ ಕಣ್ಲಾ. ಒಣಗೋಯ್ತದೆ.”

“ಒಲೆ ಆರ್ಸು ಅಂದ್ನಾ? ಅಜ್ಜಿ ಮಣ್ಣಾಗೋಗಂಟ ಗಾಣ ನಿಲ್ಸು ಅಂದೆ. ಮೂವತ್ತು ವರ್ಷ ಇದರ ಬಾಯಿಗೆ ಕಬ್ಬು ಕೊಟ್ಟು ಕಿವಿ ಕಳ್ಕಂಡವ್ಳೆ.”

“ಅವಳೇ ಇದ್ದಿದ್ರೆ ನಿಲ್ಸಕೆ ಬುಡ್ತಿರಲಿಲ್ಲ. ಬೈಯ್ಯೋಳು.”

“ಬೈಯ್ಯಕೆ ಈಗ ಅವಳಿಲ್ವಲ್ಲ!”

ಪುಟ್ಟಸ್ವಾಮಿ ಉದ್ದನೆಯ ಜಾಲರಿಯಲ್ಲಿ ಕುದಿಯುವ ಕಬ್ಬಿನ ರಸದ ಮೇಲಿನ ಮಡ್ಡಿ ತೆಗೆಯುತ್ತ ನಿಂತ. ಸಿದ್ದರಾಜು ಉಗಿದು ಹೊರಟ.

ಹೊಲದ ಬದುವಿನಲ್ಲಿ ಗುಂಡಿ ಸಿದ್ಧವಾಗಿತ್ತು. ಅಜ್ಜಿ ಚಿಕ್ಕಬೋರಮ್ಮನ ಚಟ್ಟದ ಪಕ್ಕ ಹೆಂಗಸರು ಕೂತಿದ್ದರು.

“ಈ ಗಾಣದ ಸದ್ದಲ್ಲಿ ಅತ್ರೂ ಕೇಳಕಿಲ್ಲ,” ಎಂದಳು ನೆರೆಮನೆಯ ಇಂದ್ರಮ್ಮ.

“ಅವ್ಳಿಗೆಲ್ಲಿ ಕೇಳ್ತಿತ್ತು ಬುಡು,” ಬೈರಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. “ಅವ್ಳಿಗೊಂದು ಗುಟ್ಟು ಹೇಳುದ್ರೆ ಊರೆಲ್ಲ ಕೇಳುಸ್ಕಳದು.”

ಇಬ್ಬರೂ ನಕ್ಕು, ಮತ್ತೆ ಅತ್ತರು.

ಸಿದ್ದರಾಜುವಿನ ಕಣ್ಣು ಬೇರೆಲ್ಲೋ ಇತ್ತು. ಹಾರ ಹಿಡಿದು ರವೀಂದ್ರ ಮೇಷ್ಟ್ರು ಬರುತ್ತಿದ್ದರು.

*

ಸಿದ್ದರಾಜುವಿನ ಏಳನೇ ಕ್ಲಾಸಿನ ಪುಸ್ತಕದಲ್ಲಿ ಯಾವುದೋ ದೂರದ ದೇಶದ ಕತೆ. ಅಜ್ಜಿಯ ಕಿವಿಯ ಹತ್ತಿರ ಕೂಗಿ ಕೂಗಿ ಓದಿದ್ದ: “ರಾಜಕುಮಾರಿ ಹೊರಟುಹೋದ ಮೇಲೆ ಅರಮನೆಯಲ್ಲಿ ಹಿಮ ಬಿದ್ದಂಥ ಮೌನ.”

“ಹಿಮ ಬಿದ್ರೆ ಎಂಗಿರ್ತದ್ಲಾ?”

“ನಾನೆಲ್ಲಿ ನೋಡಿದ್ದೀನಜ್ಜಿ?”

“ಬರ್ದೋನ ಊರಲ್ಲಿ ಬಿದ್ದಿರ್ತದೆ, ಬರ್ದವ್ನೆ. ನೀನು ಗಾಣ ನಿಂತಂಗೆ ಅನ್ನು. ಕಿವೀಲಿ ಏನೂ ಇರಕಿಲ್ಲ. ಎದೇಲಿ ಮಾತ್ರ ಇನ್ನೂ ತಿರುಗ್ತಾನೇ ಇರ್ತದೆ.”

ಪರೀಕ್ಷೆಯಲ್ಲಿ ಮೌನಕ್ಕೆ ಉಪಮೆ ಕೇಳಿದ್ದಕ್ಕೆ ಅವಳ ಮಾತನ್ನೇ ಪೂರ್ತಿ ಬರೆದ. ಮೇಷ್ಟ್ರು ಅದನ್ನು ತರಗತಿಗೆಲ್ಲ ಓದಿ ಹೇಳಿದರು. “ಉಪಮೆ ಅಂದ್ರೆ ಬೆಲ್ಲ ಕಾಯ್ಸೋದು ಅಂದ್ಕೊಂಡಿದ್ದಾನೆ!” ಕೆಂಪು ಪೆನ್ನು ಹಾಳೆ ಹರಿಯುವಂತೆ ಗೀಚಿತ್ತು. ನಕ್ಕವರ ನಡುವಿಂದ ಎದ್ದು ಬಂದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಜ್ಜಿ ಕೇಳಿದರೆ, ಓದು ತಲೆಗೆ ಹತ್ತಲಿಲ್ಲ ಅಂದ. ನಿನ್ನ ಮಾತಿಗೇ ನಕ್ಕರು ಎಂದು ಅವಳಿಗೆ ಹೇಗೆ ಹೇಳುವುದು?

*

ಚಿಕ್ಕಬೋರಮ್ಮನನ್ನು ಗುಂಡಿಗಿಳಿಸಿದರು. ಸಿದ್ದರಾಜು ಮೊದಲ ಹಿಡಿ ಮಣ್ಣು ಹಾಕಿದ. ಗಾಣ ಗರಗರ ಅನ್ನುತ್ತಲೇ ಇತ್ತು.

ಮೇಷ್ಟ್ರು ಹಾರ ಹಾಕಿ, ಹಿಡಿ ಮಣ್ಣು ತೆಗೆದುಕೊಂಡು ಅವನ ಪಕ್ಕ ಬಂದರು. “ನಿಮ್ಮಜ್ಜಿ ದೊಡ್ಡ ಜೀವ ಕಣಪ್ಪ. ಅವರ ಮಾತು...”

“ಅವಳ ಮಾತು ನಿಮ್ಮ ಬಾಯಲ್ಲಿ ಬ್ಯಾಡ ಸಾ. ಸುಮ್ಕೆ ಮಣ್ಣಾಕಿ.”

ಮೇಷ್ಟ್ರು ಕೈ ಚಾಚಿದರು.

ಗಾಣ ನಿಂತಿತು.

ಬೈರಮ್ಮನ ಅಳು ಅರ್ಧಕ್ಕೆ ನಿಂತಿತು. ಗದ್ದೆಯಾಚೆ ಆಲೆಮನೆಯ ಹೊಗೆ ಮಾತ್ರ ಏಳುತ್ತಿತ್ತು. ಮೇಷ್ಟ್ರ ಮಣ್ಣಿನ ಮುಷ್ಟಿ ಗುಂಡಿಯ ಮೇಲೆ ಹಾಗೇ ನಿಂತುಬಿಟ್ಟಿತ್ತು. ಅವರ ಇನ್ನೊಂದು ಕೈ ಮೆಲ್ಲಗೆ ಮೇಲೆದ್ದು, ಒಳಗೆ ಇನ್ನೂ ತಿರುಗುತ್ತಿರುವುದನ್ನು ಮುಟ್ಟಿ ನೋಡುವಂತೆ ಎದೆಯನ್ನು ಒತ್ತಿ ಹಿಡಿಯಿತು.