ಸಾವಂತ್ರವ್ವ ಕೈ ಎತ್ತಲಿಲ್ಲ

ಹುಲಗೂರಿನ ಆಚೆ ಒಂದು ಊರು. ಅಲ್ಲಿಯ ಮೇಲಿನ ಓಣಿಯ ನಳಗಳಿಗೆ ನೀರು ಏರುತ್ತಿರಲಿಲ್ಲ. ಪಂಚಾಯತಿ ಸದಸ್ಯೆ ಸಾವಂತ್ರವ್ವನೂ ಕೊಡ ಹೊತ್ತು ಕೆಳಗಿನ ಓಣಿಗೆ ಇಳಿಯಬೇಕಾಗಿತ್ತು. ಹೊಸ ಪೈಪಿಗೆಂದು ಕೂಡಿಸಿಟ್ಟ ಕರದ ಹಣ ಬೇರೆಡೆಗೆ ಹೋಗಿತ್ತು.

ಒಂದು ಮುಂಜಾನೆ ಕರ ವಸೂಲಿಗೆ ಪಂಚಾಯತಿ ನೌಕರ ಮಧ್ವೇಶ ಬಂದ. ಅವಳ ಗಂಡ ನೀಲಪ್ಪ ಕಟ್ಟೆಯಿಂದ ಏಳಲಿಲ್ಲ.

"ಬರ್ರಿ ಸಾಹುಕಾರ್ರ! ಪೈಪಿನ ರೊಕ್ಕ ನೀವು ಒಯ್ದ್ರಿ. ಇನ್ನ ಕರಾನೂ ಕಟ್ಟಬೇಕೇನ್ರಿ?"

ಮಧ್ವೇಶ ನಕ್ಕ. "ನಾ ಒಯ್ಯಲಿಲ್ಲರೀ, ನೀವು ಕೊಟ್ರಿ. ವಸೂಲಿ ರೊಕ್ಕ ತಿಂದಾನಂತ ಯಾರೋ ಅಂದ್ರು, ಒಂದಽ ಸಭಾದಾಗ ನನ್ನ ತಗದ್ರಿ. ನೋಟಿಸ್ ಇಲ್ಲ, ವಿಚಾರಣಿ ಇಲ್ಲ. ಕೇಳಿದ್ರ ಅವತ್ತಽ ರೊಕ್ಕ ತುಂಬಿದ ಪಾವತಿ ತೋರಸ್ತಿದ್ದೆ. ಕೋರ್ಟು ಕೇಳ್ತು, ತೋರಿಸಿದೆ."

ಅವನನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡು ಬಾಕಿ ಸಂಬಳ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿತ್ತು. ಪೈಪಿನ ಹಣದಿಂದ ಅದಕ್ಕೆ ಹೋದದ್ದು ನಾಲ್ಕು ಲಕ್ಷ ರೂಪಾಯಿ; ಊರಿನಲ್ಲಿ ಎಂಟುನೂರು ಮನೆ, ಮನೆಗೆ ಐದುನೂರರ ಹೊರೆ. ಅವನನ್ನು ತೆಗೆಯಲು ಕೈ ಎತ್ತಿದ ಸದಸ್ಯರ ಜೇಬಿನಿಂದ ಬಿಡಿಗಾಸೂ ಹೋಗಲಿಲ್ಲ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸಾವಂತ್ರವ್ವ ತಲೆ ತಗ್ಗಿಸಿದಳು. ಅಂದು ಅವಳೂ ಕೈ ಎತ್ತಿದ್ದಳು, ಇನ್ನೊಂದು ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡೇ.

ಅದೇ ವಾರ ಮತ್ತೆ ಸಭೆ. ಈ ಸಲ ನೀರು ಬಿಡುವ ಫಕ್ಕೀರೇಶನ ಸರದಿ.

"ಎಲ್ಲಾರೂ ಎತ್ತಿದ್ರ ನೀನೂ ಎತ್ತು. ಊರ ಉಸಾಬರಿ ನಮಗ್ಯಾಕ?" ಎಂದು ನೀಲಪ್ಪ ಹೇಳಿ ಕಳಿಸಿದ್ದ.

"ನೀರು ಸರಿಯಾಗಿ ಬಿಡವೊಲ್ಲ. ತಗದಹಾಕೂಣು," ಎಂದರು ಅಧ್ಯಕ್ಷರು. ಕೈಗಳು ಎದ್ದವು. ಸಾವಂತ್ರವ್ವನ ಕೈ ಮಡಿಲಲ್ಲೇ ಉಳಿಯಿತು.

"ಫಕ್ಕೀರೇಶನ್ನ ಒಂದ ಮಾತು ಕೇಳೀರೇನ್ರಿ?"

"ಅವನ್ನೇನ ಕೇಳೂದು ಯವ್ವಾ? ಎತ್ತು ಕೈ, ಊಟದ ಹೊತ್ತಾತು," ಎಂದು ಅಧ್ಯಕ್ಷರು ಅವಸರಪಡಿಸಿದರು.

"ಮಧ್ವೇಶನ್ನೂ ಹಿಂಗಽ ಕೇಳದಽ ತಗದ್ವಿ. ಇನ್ನೊಂದು ನಾಕು ಲಕ್ಷ ತಮ್ಮ ಮನಿಯಿಂದ ತರಾವರು ಯಾರದೀರಿ, ಅವರಷ್ಟಽ ಎತ್ರಿ!"

ಒಂದೊಂದಾಗಿ ಎಲ್ಲ ಕೈಗಳೂ ಇಳಿದವು.

ಫಕ್ಕೀರೇಶನಿಗೆ ನೋಟಿಸು ಹೋಯಿತು. ಉತ್ತರವೂ ಬಂತು: ನೀರಿನ ಟಾಕಿಯ ಕೆಳಗೆ ವಾಲ್ವು ಒಡೆದಿದೆ, ನೀರು ಹಳ್ಳದ ಪಾಲಾಗುತ್ತಿದೆ, ಹೇಳಿದರೆ ಯಾರೂ ಕಿವಿಗೊಡಲಿಲ್ಲ. ಸದಸ್ಯರು ಹೋಗಿ ನೋಡಿದರು. ಅವನ ಮಾತು ನಿಜವಾಗಿತ್ತು. ವಾಲ್ವು ಬದಲಾಯಿತು. ಮೇಲಿನ ಓಣಿಯ ನಳಗಳು ಒಮ್ಮೆಲೇ ಭೋರ್ಗರೆದವು.

ನೀಲಪ್ಪ ತೊಯ್ದ ಧೋತರದಲ್ಲೇ ಕೂಗಿದ: "ಮಧ್ವೇಶಪ್ಪಾ, ಬರ್ರಿ! ಕರ ತಗೊಳ್ರಿ. ಸದಸ್ಯರ ಗಂಡ ಅದೇನಿ, ಬಾಕಿ ಇಟ್ರ ನನಗೂ ನೋಟಿಸ್ ಬಂದೀತು!"

ಬಂಧುಗಳೇ, ತಪ್ಪು ಮಾಡಿದವರನ್ನು ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ. ಕೆಲಸದಿಂದ ತೆಗೆಯುವ ಮುನ್ನ ನೋಟಿಸು ಕೊಡಿಸಿರಿ, ಅವರ ಉತ್ತರ ಕೇಳಿರಿ. ಗ್ರಾಮಸಭೆಗೆ ಬಂದು ಪ್ರಶ್ನಿಸಿರಿ. ಅವಸರದ ತೀರ್ಮಾನದ ದಂಡವನ್ನು ತೆರುವುದು ನಿಮ್ಮ ಮನೆಯ ಕರ.