ಪರಸ್ಥಾನದ ಚೀಲ

ಪಕ್ಕದ ರಮೇಶ್‌ಬಾಬು ಮನೆಗೆ ಬೀಗ ಬಿದ್ದಿತ್ತು. ಕೇಶವ್ ಅದನ್ನು ಎರಡು ಸಲ ಜಗ್ಗಿ ನೋಡಿದ.

"ಜಗ್ತಾ ಇರಪ್ಪ, ಇನ್ನು ಹತ್ತು ವರ್ಷಕ್ಕೆ ಸವೆದು ಬಿದ್ದೋಗುತ್ತೆ," ಅಂದಳು ಅವನ ತಾಯಿ ಸುಂದರಮ್ಮ.

ಕ್ರಿಸ್‌ಮಸ್ ರಜೆಯ ನೂಕುನುಗ್ಗಲಿಗೆ ಹೆದರಿ, ಮೂರು ಗಂಟೆ ಮೊದಲೇ ವಿಮಾನ ನಿಲ್ದಾಣ ಸೇರಬೇಕೆಂದು ತೀರ್ಮಾನಿಸಿದ್ದರು. ಚಿಕ್ಕಬಳ್ಳಾಪುರ ಬಿಡುವ ಹೊತ್ತಿಗೆ ಸರಿಯಾಗಿ ಶನಿವಾರದ ರಾಹುಕಾಲ. ಅದಕ್ಕೆ ಮೊದಲೇ ಪ್ರಯಾಣ ಶುರುವಾದಂತೆ ಆಗಲೆಂದು, ಹಿಂದಿನ ಸಂಜೆಯೇ ಸುಂದರಮ್ಮನ ಚೀಲವನ್ನು ರಮೇಶ್‌ಬಾಬು ಮನೆಯಲ್ಲಿ ಪರಸ್ಥಾನ ಇಟ್ಟಿದ್ದರು. ಕೊನೇ ಗಳಿಗೆಯ ಗಾಬರಿ ಬೇಡವೆಂದು ಸೊಸೆ ಶಿರೀಷಾ, ಅತ್ತೆಗಿದ್ದ ಒಂದೇ ಗುರುತಿನ ಚೀಟಿಯಾದ ಆಧಾರ್ ಕಾರ್ಡನ್ನೂ ಅದರಲ್ಲೇ ಹಾಕಿದ್ದಳು. ರಮೇಶ್‌ಬಾಬು ಸಂಸಾರ ಚೀಲದ ವಿಷಯ ಮರೆತು ಬೆಳಗಿನ ಜಾವವೇ ತಿರುಪತಿಗೆ ಹೊರಟುಹೋಗಿತ್ತು. ಫೋನು ಸ್ವಿಚ್ ಆಫ್.

"ಆಧಾರ್ ಫೋನಲ್ಲೇ ಇಳಿಸ್ಕೊಬೋದು ಕಣ್ರೀ. ಓಟಿಪಿ ಬಂದ್ರೆ ಸಾಕು," ಅಂದಳು ಶಿರೀಷಾ.

"ಅದು ಅಪ್ಪನ ನಂಬರಿಗೆ ಹೋಗುತ್ತೆ," ಅಂದ ಕೇಶವ್.

"ಇರ್ರೋ, ಮೇಲಿಂದ ಓದಿ ಹೇಳ್ತಾರೆ. ಕನ್ನಡಕ ಹುಡುಕ್ತಿರ್ಬೇಕು," ಅಂದಳು ಸುಂದರಮ್ಮ. ಗಂಡ ತೀರಿಕೊಂಡ ಮೇಲೂ ಆಧಾರ್‌ನಲ್ಲಿ ಆ ನಂಬರ್ ಬದಲಾಯಿಸಿರಲಿಲ್ಲ.

ಪುಣೆಯ ಆಸ್ಪತ್ರೆಯಲ್ಲಿ ಅವಳ ಅಕ್ಕ ಗಂಜಿಯನ್ನೂ ಬಿಟ್ಟು ನಾಲ್ಕು ದಿನವಾಗಿತ್ತು. ಎಚ್ಚರವಾದಾಗಲೆಲ್ಲ "ಸುಂದ್ರಿ ಬಂದ್ಲಾ?" ಎಂದು ಕೇಳುತ್ತಿದ್ದಳಂತೆ. ಹೊಸವರ್ಷ ಕಳೆಯುವವರೆಗೆ ಬೇರೆ ಯಾವ ವಿಮಾನದಲ್ಲೂ ಸೀಟಿರಲಿಲ್ಲ.

"ಬೀಗ ಒಡಿಯೋ. ಅವನಿಗೆ ನೂರು ಹೊಸ ಬೀಗ ಕೊಡಿಸ್ತೀನಿ."

"ಊರಲ್ಲಿಲ್ಲದವ್ರ ಮನೆ ಬೀಗ ಒಡೆಯೋದಾ? ಬೀದಿಯವ್ರು ಏನಂದ್ಕೋತಾರಮ್ಮ?"

"ನಿಮ್ಮ ದೊಡ್ಡಮ್ಮ ಸಾಯ್ತಿದಾಳೆ ಕಣೋ."

ಶಿರೀಷಾ ಫೋನಿನಲ್ಲಿ ಸಮಯ ನೋಡಿ ಗಂಡನ ಮುಖ ನೋಡಿದಳು.

"ನಾವಿಬ್ರೂ ಹೋಗಿ ನೋಡ್ಕೊಂಡು ಬರ್ತೀವಿ," ಅಂದ ಕೇಶವ್. "ಅಲ್ಲಿಂದ ವಿಡಿಯೋ ಕಾಲ್ ಮಾಡಿಸ್ತೀನಿ. ಈ ವಯಸ್ಸಲ್ಲಿ ನಿಂಗೂ ಟೆನ್ಶನ್ ತಪ್ತು."

"ಹೂಂ ಕಣಪ್ಪ, ತಪ್ತು. ಕೈ ಹಿಡ್ಕೊಳ್ಳೋದೂ ಫೋನಲ್ಲೇ ಅಂತ ಅವಳಿಗೆ ಹೇಳ್ಬಿಡು."

ಕಾರು ಹೊರಟಿತು. ಸುಂದರಮ್ಮ ರಮೇಶ್‌ಬಾಬು ಮನೆಯ ಮೆಟ್ಟಿಲ ಮೇಲೇ ಕೂತಳು. ಹೂವು ಮಾರುವ ಅಶ್ವತ್ಥಮ್ಮ ಅವಳ ಹೊಸ ಸೀರೆ ನೋಡಿ ನಿಂತಳು.

"ಪುಣೆಗೆ ಹೊರಟ್ರಾ ಅಮ್ಮ?"

"ಹೋಗಿ ಬಂದೂ ಆಯ್ತು ಕಣೇ. ರೆಪ್ಪೆ ಬಡಿಯೋದ್ರಲ್ಲಿ ತಂದು ಇಳಿಸ್ಬಿಟ್ರು."

ಅಶ್ವತ್ಥಮ್ಮ ನಗುತ್ತಾ ಮುಂದೆ ಹೋದಳು. ವಿಮಾನದಲ್ಲಿ ಚಳಿಯೆಂದು ಸೊಸೆ ಹಾಕಿಸಿದ್ದ ಕಾಲುಚೀಲಗಳಲ್ಲಿ ಒಂದನ್ನು ಸುಂದರಮ್ಮ ಕಿತ್ತು ಮಡಿಲಲ್ಲಿಟ್ಟುಕೊಂಡಳು. ಇನ್ನೊಂದನ್ನು ತೆಗೆಯಲು ಬಗ್ಗಿದವಳ ಕೈ ಪಾದದ ಮೇಲೇ ಉಳಿಯಿತು.