ಒಂಬತ್ತು ಪೌಂಡು

ಮೂರನೇ ಸಲವೂ ವಿಮಾನ ರನ್‌ವೇಯ ಕೊನೆಯವರೆಗೆ ಓಡಿ, ನೆಲ ಬಿಡದೆ ಹುಲ್ಲಿಗಿಳಿದು ನಿಂತಿತು. ಆಸ್ಮಾ ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಶಿವಮೂರ್ತಪ್ಪನವರ ಮುಖ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಎದುರು, ಅಪ್ಪ ಇನಾಯತ್ ಉಲ್ಲಾನ ಪಂಕ್ಚರ್ ಅಂಗಡಿಯ ಮಾಳಿಗೆಯಲ್ಲಿ ಅವಳು ಕಂಪ್ಯೂಟರ್ ಕಲಿಸುತ್ತಿದ್ದಳು. ಭಾನುವಾರ ಪಾಠವಿಲ್ಲ, ವಿಮಾನ ಹಾರಿಸುವ ಆಟ. ಆಟದ ಫೈಲು ಬಿಚ್ಚಿ ಅಂಕಿ ಬದಲಿಸಿದರೆ ಬೇರೆಯದೇ ಇಂಜಿನ್ ಕಟ್ಟಬಹುದೆಂದು ಗೊತ್ತಾದ ಮೇಲಂತೂ ಹುಚ್ಚೇ ಹಿಡಿದಿತ್ತು. ಆ ಆಟಕ್ಕೆಂದೇ ಬರುತ್ತಿದ್ದ ಸೊರಬದ ಶಿವಮೂರ್ತಪ್ಪನವರು ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು. ಐವತ್ತು ವರ್ಷದ ಹಿಂದೆ ತಾವು ಬಿಚ್ಚಿ ಜೋಡಿಸುತ್ತಿದ್ದ ಇಂಜಿನಿನ ಅಂಕಿಗಳನ್ನೆಲ್ಲ ನೆನಪಿನಿಂದಲೇ ಹೇಳಿ ಬರೆಸಿದ್ದರು. ಮೇಲೇರಿದಂತೆ ಗಾಳಿ ತೆಳ್ಳಗಾಗಿ ಇಂಜಿನ್ ಸೊರಗಬಾರದಲ್ಲ, ಅದಕ್ಕೆ ಒಳಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇತ್ತು. ಅದರ ಒತ್ತಡ ಚದರ ಇಂಚಿಗೆ ಒಂಬತ್ತು ಪೌಂಡು ಅಂದಿದ್ದರು.

ಹೋದ ತಿಂಗಳು ಅವರು ಇಲ್ಲಿಗೆ ಬರುವಾಗ ಶಿರಾಳಕೊಪ್ಪದಲ್ಲೇ ಬಸ್ಸಿಳಿದು, ಇದು ಯಾವ ಊರೆಂದು ತಿಳಿಯದೆ ಸಂಜೆತನಕ ಕೂತುಬಿಟ್ಟಿದ್ದರು. ಅಂದಿನಿಂದ ಸೊಸೆ ಸರ್ವಮಂಗಳ ಜೊತೆಗೇ ಬರುತ್ತಿದ್ದಳು. ಮಾವನ ಜೇಬಿನಲ್ಲಿ ಹೆಸರು, ಮನೆಯ ಫೋನ್ ನಂಬರು ಬರೆದ ಚೀಟಿ ಬೇರೆ ಇಟ್ಟಿರುತ್ತಿದ್ದಳು.

"ಒಂಬತ್ತು ಅಲ್ದೇನೋ," ಅಂದರು ಶಿವಮೂರ್ತಪ್ಪ ಮೆಲ್ಲಗೆ. "ನಂಗೀಗ ಯಾವ್ದೂ ಸರಿ ನೆನಪಿರದಿಲ್ಲ ಮಾರಾಯ್ತಿ. ಮನೇಲೂ ಅದನ್ನೇ ಹೇಳ್ತಾರೆ."

ಸರ್ವಮಂಗಳ ಸೆರಗಿನ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ಕೂತಳು.

ಚಾ ತರುವ ನೆಪ ಮಾಡಿ ಆಸ್ಮಾ ಕೆಳಗಿಳಿಯತೊಡಗಿದಳು. ಗಿರಾಕಿ ಸಣ್ಣಬೀರಪ್ಪನ ಟ್ರ್ಯಾಕ್ಟರಿನ ಟೈರಿಗೆ ಅಪ್ಪ ಗಾಳಿ ಅಳೆಯುವ ಗೇಜು ಹಿಡಿದಿದ್ದ. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಒಳಗೆ ಒಂಚೂರೂ ಗಾಳಿ ಉಳಿದಿಲ್ಲವಲ್ಲ ಎಂದು ಸಣ್ಣಬೀರಪ್ಪ ಗೊಣಗಿದ.

"ಗಾಳಿ ಎಲ್ಲಿಗೆ ಹೋಗ್ತೈತಿ ಬೀರಪ್ಪಣ್ಣ? ಹೊರಗೆಷ್ಟೈತೋ ಒಳಗೂ ಅಷ್ಟೈತಿ. ಅದರ ಮ್ಯಾಲೆ ನಾನು ತುಂಬಿದ್ದಷ್ಟೇ ಈ ಮುಳ್ಳು ತೋರಿಸ್ತೈತಿ."

ಆಸ್ಮಾಳ ಕಾಲು ಮೆಟ್ಟಿಲ ಮೇಲೇ ನಿಂತಿತು. ಹುಟ್ಟಿದಾಗಿನಿಂದ ನೋಡಿದ ಗೇಜು. ಶಿವಮೂರ್ತಪ್ಪನವರ ಒಂಬತ್ತೂ ಅಂಥದ್ದೇ ಮುಳ್ಳು ತೋರಿಸಿದ್ದು, ಹೊರಗಿನ ಗಾಳಿಯ ಮೇಲಿನ ಒಂಬತ್ತು. ಆಟದ ಫೈಲು ಕೇಳುತ್ತಿದ್ದುದು ಎರಡೂ ಸೇರಿದ ಒತ್ತಡ. ಅವಳು ಬರೀ ಒಂಬತ್ತು ಬರೆದು ಇಂಜಿನಿನ ಉಸಿರು ಕಟ್ಟಿಸಿದ್ದಳು.

ಚಾ ಇಲ್ಲದೆಯೇ ಮೇಲೆ ಓಡಿದಳು. ಹೊರಗಿನ ಗಾಳಿಯದು ಸುಮಾರು ಹದಿನೈದು, ಅದಕ್ಕೆ ಒಂಬತ್ತು ಕೂಡಿದರೆ ಇಪ್ಪತ್ತನಾಲ್ಕು. ಬಾಯಿ ಹೇಳಿ ಮುಗಿಸುವ ಮೊದಲೇ ಬೆರಳು ಬರೆದಿತ್ತು.

"ತಪ್ಪು ನಂದು ಅಜ್ಜಾರೆ. ನೀವು ಸರಿಯಾಗೇ ಹೇಳಿದ್ರಿ."

ವಿಮಾನ ಅರ್ಧ ರನ್‌ವೇಗೇ ನೆಲ ಬಿಟ್ಟಿತು. ಐದು ಸಾವಿರ ಅಡಿ, ಎಂಟು ಸಾವಿರ. ಪರದೆಯ ಮೇಲಿನ ಒತ್ತಡದ ಮುಳ್ಳು ಒಂಬತ್ತರಿಂದ ಕದಲಲಿಲ್ಲ. ಶಿವಮೂರ್ತಪ್ಪ ಕುರ್ಚಿಯ ತುದಿಗೆ ಬಂದಿದ್ದರು.

"ಹನ್ನೆರಡು ಸಾವಿರ ದಾಟ್ಲಿ, ಆಮೇಲೆ ಇಳಿತದೆ ನೋಡು."

ದಾಟಿತು. ಮುಳ್ಳು ಇಳಿಯತೊಡಗಿತು. ಆ ಎತ್ತರವನ್ನು ಯಾರೂ ಫೈಲಿನಲ್ಲಿ ಬರೆದಿರಲಿಲ್ಲ, ಉಳಿದ ಅಂಕಿಗಳಿಂದ ಕಂಪ್ಯೂಟರೇ ಲೆಕ್ಕ ಹಾಕಿತ್ತು. ಆಸ್ಮಾ ಅದನ್ನು ಹೇಳಿದಾಗ ಸರ್ವಮಂಗಳ ಮಾವನ ಬೆನ್ನ ಹಿಂದೆ ಕಣ್ಣೊರೆಸಿಕೊಂಡು ನಕ್ಕಳು.

"ಅಲ್ಲಿ ಸೂಪರ್‌ಚಾರ್ಜರ್‌ಗೆ ಎರಡನೇ ಗೇರು ಹಾಕ್ಬೇಕು. ತಡಿ, ಅದರ ಅಂಕಿ ಕೊಡ್ತೀನಿ," ಎಂದು ಶಿವಮೂರ್ತಪ್ಪ ಕಾಗದಕ್ಕೆ ತಡಕಾಡಿ, ಜೇಬಿನಲ್ಲಿದ್ದ ಚೀಟಿ ತೆಗೆದು, ಹಿಂದುಮುಂದು ನೋಡದೆ ಖಾಲಿ ಬದಿಯ ತುಂಬಾ ಬರೆದುಕೊಟ್ಟರು.

ಸೊರಬದ ಬಸ್ಸು ಹಾರ್ನ್ ಹಾಕಿತು. ಅವರು ಸೊಸೆಗಿಂತ ಮೊದಲೇ ಮೆಟ್ಟಿಲಿಳಿದರು. ಸರ್ವಮಂಗಳ ಬಾಗಿಲಲ್ಲಿ ನಿಂತು ಮೇಜಿನ ಕಡೆ ಒಮ್ಮೆ ನೋಡಿದಳು. ಕೀಬೋರ್ಡಿನ ಪಕ್ಕ ಚೀಟಿ ಅಂಕಿಗಳ ಬದಿ ಮೇಲಾಗಿ ಮಲಗಿತ್ತು. ಅದನ್ನು ವಾಪಸ್ಸು ಕೇಳದೆ ಅವಳೂ ಇಳಿದುಹೋದಳು.